ಜಾಲರಿಯ ಕೆಳಗಿನ ನೀರು

"ನೀರು ಎಷ್ಟು ಹಾಕಬೇಕು?"

ಈ ಪ್ರಶ್ನೆಯನ್ನು ನನ್ನಷ್ಟು ಸಲ ಕೇಳಿಸಿಕೊಂಡವರು ಮುಂಬಯಿಯಲ್ಲಿ ಬೇರೆ ಯಾರೂ ಇರಲಾರರು. ಎಪ್ಪತ್ತರ ದಶಕದ ನಡುವೆ, ಊರಿಗೆ ಊರೇ ಸೀಮೆಎಣ್ಣೆಗಾಗಿ ಡಬ್ಬ ಹಿಡಿದು ಕ್ಯೂ ನಿಲ್ಲುತ್ತಿದ್ದ ದಿನಗಳಲ್ಲಿ, ನಾನು ಪ್ರೆಶರ್ ಕುಕ್ಕರ್ ತಯಾರಿಸುವ ಒಂದು ಕಂಪನಿಗೆ ಕೆಲಸ ಮಾಡುತ್ತಿದ್ದೆ. ಮಹಿಳಾ ಮಂಡಳಿಗಳಲ್ಲಿ, ಸೊಸೈಟಿಗಳಲ್ಲಿ, ಒಂದೊಂದೇ ಕೋಣೆಯ ಮನೆಗಳ ಚಾಳುಗಳಲ್ಲಿ ಹೆಂಗಸರ ಎದುರು ಕುಕ್ಕರಿನಲ್ಲಿ ಅಡುಗೆ ಮಾಡಿ ತೋರಿಸುವುದು, ಕೊಂಡವರ ಮನೆಯಿಂದ ದೂರು ಬಂದರೆ ಹೋಗಿ ನೋಡುವುದು ನನ್ನ ಕೆಲಸ. ಸಾಂತಾಕ್ರೂಜಿನ ಸಭಾಭವನದಲ್ಲಿ ಕುರ್ಚಿ ಹಾಕಿ ಕುಳಿತವರೂ ಅದನ್ನೇ ಕೇಳುತ್ತಿದ್ದರು. ನಾನು ವಾಸವಾಗಿದ್ದ ಆಂಟಾಪ್ ಹಿಲ್‌ನಲ್ಲಿ ಸಂಜೆ ಬಸಳೆ ಕೊಳ್ಳಲು ನಿಂತರೆ ಪಕ್ಕದಲ್ಲಿ ನಿಂತವರೂ ಅದನ್ನೇ ಕೇಳುತ್ತಿದ್ದರು.

ಯಾವ ಅಕ್ಕಿ ಎಂದು ನಾನು ತಿರುಗಿ ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ರೇಷನ್ನಿನ ಅಕ್ಕಿ ಒಂದು ವಾರ ಹಳೆಯದು, ಇನ್ನೊಂದು ವಾರ ಹೊಸದು. ಹಳೆಯದು ಎರಡು ಪಾಲು ನೀರು ಕುಡಿದೂ ಗಂಟಲಿಗೆ ಚುಚ್ಚುತ್ತದೆ, ಹೊಸದು ಒಂದೂವರೆ ಪಾಲಿಗೇ ಅಂಟಿನಂತಾಗುತ್ತದೆ. ನಮ್ಮ ಕರಾವಳಿಯ ಕಡೆಯವರು ಕುಚ್ಚಲಕ್ಕಿಗೆ ಪಾತ್ರೆ ತುಂಬ ನೀರಿಟ್ಟು, ಬೆಂದ ಮೇಲೆ ಬಸಿದು ಬೆಳೆದವರು. ಅವರಿಗೆ ಅಳತೆಯ ಮಾತೇ ಹೊಸತು. "ಅಷ್ಟೆಲ್ಲ ಬೇಡ ಮಾರಾಯ್ತಿ, ಒಂದು ಲೆಕ್ಕ ಹೇಳಿಬಿಡು" ಎನ್ನುತ್ತಿದ್ದರು. ಕಂಪನಿಯ ಪುಸ್ತಿಕೆಯಲ್ಲಿ ಆ ಒಂದು ಲೆಕ್ಕ ಇಂಗ್ಲಿಷ್, ಹಿಂದಿ, ಮರಾಠಿ, ಗುಜರಾತಿಗಳಲ್ಲಿ ಅಚ್ಚಾಗಿತ್ತು. ನಾಲ್ಕು ಭಾಷೆಯಲ್ಲಿ ಹೇಳಿದರೂ ಅಕ್ಕಿ ಅದನ್ನು ಕೇಳುತ್ತಿರಲಿಲ್ಲ.

ಆದರೆ ಕುಕ್ಕರಿನಲ್ಲಿ ಎರಡು ನೀರುಗಳಿವೆ. ಅಕ್ಕಿ, ಬೇಳೆಯ ಪಾತ್ರೆಗಳೊಳಗೆ ಹಾಕುವ ನೀರು ಒಂದು. ಕುಕ್ಕರಿನ ತಳದಲ್ಲಿ, ತೂತಿನ ಜಾಲರಿ ತಟ್ಟೆಯ ಕೆಳಗೆ ಹಾಕುವ ನೀರು ಇನ್ನೊಂದು. ಮೇಲಿನದು ತಪ್ಪಿದರೆ ಅನ್ನ ಕೆಡುತ್ತದೆ, ಹೇಗೋ ತಿನ್ನಬಹುದು. ಕೆಳಗಿನದು ಮುಗಿದರೆ ತಳ ಕಾದು ಮುಚ್ಚಳದಲ್ಲಿರುವ ಸೇಫ್ಟಿ ಪ್ಲಗ್ ಕರಗಿ ಹೋಗುತ್ತದೆ. ಉಗಿ ಬುಸ್ಸೆಂದು ಹೊರಬಂದು ಮನೆಯವರೆಲ್ಲ ಹೊರಗಿನ ಗ್ಯಾಲರಿಗೆ ಓಡುತ್ತಾರೆ. ಕೆಳಗಿನ ನೀರಿಗಾಗಿ ಕಂಪನಿ ಅಳತೆಯ ಒಂದು ಅಲ್ಯೂಮಿನಿಯಂ ಕಪ್ಪು ಕೊಡುತ್ತಿತ್ತು. ಕಪ್ಪು ತುಂಬ ನೀರು ಹಾಕಿ, ಜೊತೆಗೆ ತಳ ಕಪ್ಪಾಗದಂತೆ ಹಿಂಡಿದ ಹುಣಿಸೆಯ ಚರಟ ಹಾಕಿ, ಇದನ್ನು ಮಾತ್ರ ಮರೆಯಬೇಡಿ ಎಂದು ನಾನು ಎಲ್ಲ ಕಡೆ ಮಗ್ಗಿಯಂತೆ ಹೇಳುತ್ತಿದ್ದೆ.

ನನ್ನನ್ನು ಅಳುವಷ್ಟು ರೇಗಿಸಿದ ಕುಕ್ಕರ್ ಇದ್ದದ್ದು ಪರೇಲಿನ ಒಂದು ಚಾಳಿನ ಮೂರನೇ ಮಾಳಿಗೆಯಲ್ಲಿ.

ಅದು ವಿಜಾಪುರದ ಕಡೆಯವರ ಮನೆ. ಒಂದೇ ಖೋಲಿ. ಮಗ ಗಿರಣಿಯಲ್ಲಿ ಕೆಲಸಕ್ಕಿದ್ದ. ಅವನ ತಾಯಿ, ಅವನ ಹೆಂಡತಿ, ಒಂದು ಪಂಪ್ ಸ್ಟೋವ್. ಸೊಸೆಗೆ ಹತ್ತಿರದ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ ಸಿಕ್ಕಿತ್ತು. ಮುಂದಿನ ತಿಂಗಳ ಮೊದಲ ತಾರೀಕಿನಿಂದ ಬೆಳಿಗ್ಗೆ ಏಳಕ್ಕೆ ಹಾಜರಿರಬೇಕು. ಅತ್ತೆ ಬೇಡವೆನ್ನಲಿಲ್ಲ, ಆದರೆ ಒಂದು ಷರತ್ತು ಹಾಕಿದರು: ಅನ್ನ, ಬೇಳೆ, ರೊಟ್ಟಿ ಎಲ್ಲ ಮುಗಿಸಿ, ಗಂಡನ ಡಬ್ಬಿ ಕಟ್ಟಿಟ್ಟು ಹೋಗಬೇಕು. ಸೊಸೆ ಬಂದ ಮೇಲೆ ತಾನು ಒಲೆಯ ಮುಂದೆ ಕೂರುವುದಿಲ್ಲ ಎಂದು ಅವರು ಮದುವೆಯ ದಿನವೇ ಹೇಳಿದ್ದರಂತೆ. ಒಂದೇ ಸ್ಟೋವಿನ ಮೇಲೆ ಒಂದಾದ ಮೇಲೊಂದು ಇಟ್ಟರೆ ಆರೂವರೆಗೆ ಅಡುಗೆ ಮುಗಿಯುವುದು ಸಾಧ್ಯವಿರಲಿಲ್ಲ. ಅನ್ನ, ಬೇಳೆ ಒಟ್ಟಿಗೆ ಕುಕ್ಕರಿನಲ್ಲಾದರೆ ಸಾಧ್ಯವಿತ್ತು. ಅದಕ್ಕೆಂದೇ ಅವಳು ಗಂಡನಿಗೆ ಹೇಳಿ ಕುಕ್ಕರ್ ತರಿಸಿದ್ದಳು. ಕುಕ್ಕರ್ ನಡೆದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಕುಕ್ಕರ್ ನಡೆಯಲಿಲ್ಲ. ತಂದ ವಾರದಲ್ಲೇ ಪ್ಲಗ್ ಕರಗಿತು.

ಮೊದಲ ಸಲ ಹೋದಾಗ ನಾನು ಸಮಾಧಾನದಿಂದಲೇ ಇದ್ದೆ. ಮಧ್ಯಾಹ್ನದ ಹೊತ್ತು. ಹೊಸ ಪ್ಲಗ್ ಹಾಕಿ, ಅವಳ ಕೈಯಿಂದಲೇ ಮಾಡಿಸಿ ನೋಡಿದೆ. ಕಪ್ಪಿನಲ್ಲಿ ಅಳೆದು ನೀರು ಹಾಕಿದಳು, ಕುದಿಸಿದಳು, ಜಾಲರಿಯ ಮೇಲೆ ಪಾತ್ರೆಗಳನ್ನು ಇಟ್ಟಳು, ಮುಚ್ಚಿದಳು. ಮುಚ್ಚಳದ ಕೊಳವೆಯಿಂದ ಉಗಿ ನೇರವಾಗಿ ಬರತೊಡಗಿದಾಗ ಅದರ ಮೇಲೆ ತೂಕ ಇಟ್ಟು ಸ್ಟೋವನ್ನು ಸಣ್ಣದು ಮಾಡಿದಳು. ಅನ್ನ ಹೂವಿನಂತೆ ಆಯಿತು. ತೆರೆದು ನೋಡಿದರೆ ತಳದಲ್ಲಿ ಇನ್ನೂ ನೀರಿತ್ತು. ನಾನೇ ಮಾಡಿದ್ದರೂ ಅಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

"ಮತ್ತೆ ಅವತ್ತು ಏನು ತಪ್ಪಿದ್ದು?" ಎಂದು ಕೇಳಿದೆ.

"ಗೊತ್ತಿಲ್ರಿ ಅಕ್ಕಾರ" ಎಂದು ಅವಳು ಪಾತ್ರೆ ತೊಳೆಯಲು ತಿರುಗಿದಳು.

ಮೂರು ದಿನ ಕಳೆದು ಅವಳ ಗಂಡ ಆಫೀಸಿಗೆ ಬಂದ. ಪ್ಲಗ್ ಮತ್ತೆ ಕರಗಿದೆ ಎಂದ. ನಾನು ಕುಕ್ಕರನ್ನೇ ಫೋರ್ಟಿನ ಆಫೀಸಿಗೆ ತರಿಸಿದೆ. ಗ್ಯಾಸ್ಕೆಟ್ ಸೋರುತ್ತಿದೆಯೋ ಎಂದು ಅಂಚಿಗೆ ಸಾಬೂನು ನೀರು ಸವರಿ ಗುಳ್ಳೆ ನೋಡಿದೆ. ತೂಕ ಸರಿಯಾಗಿ ಕೂರುತ್ತದೋ, ಉಗಿಯ ಕೊಳವೆಯಲ್ಲಿ ಕಸ ಕಟ್ಟಿದೆಯೋ ಎಂದು ನೋಡಿದೆ. ಆಫೀಸಿನ ಪ್ಲಗ್ ಸಿಕ್ಕಿಸಿ, ಅಳತೆಯ ನೀರು ಹಾಕಿ ಬೇಕಾದ್ದಕ್ಕಿಂತ ಹತ್ತು ನಿಮಿಷ ಹೆಚ್ಚೇ ಇಟ್ಟೆ. ಏನೂ ಆಗಲಿಲ್ಲ. ಆಫೀಸಿನಲ್ಲಿ ಸಾಧುವಾಗಿದ್ದ ಕುಕ್ಕರ್ ಪರೇಲಿನಲ್ಲಿ ಮಾತ್ರ ಒಣಗುತ್ತಿತ್ತು.

ಆಗ ನನಗೆ ಸೊಸೆಯ ಮೇಲೆ ಅನುಮಾನ ಬಂತು. ಮೂರನೇ ಮಾಳಿಗೆಯ ನಲ್ಲಿಯಲ್ಲಿ ನಸುಕಿನಲ್ಲಿ ಸ್ವಲ್ಪ ಹೊತ್ತು ಮಾತ್ರ ನೀರು ಬರುತ್ತಿತ್ತು. ಇಡೀ ದಿನಕ್ಕೆ ಒಂದು ಪೀಪಾಯಿ, ಎರಡು ಹಂಡೆ. ನೀರು ಉಳಿಸಲು ಅರ್ಧ ಕಪ್ಪು ಹಾಕುತ್ತಿರಬೇಕು ಎಂದುಕೊಂಡೆ. ಕುಕ್ಕರಿನ ಒಳಗನ್ನು ನೋಡಿದರೆ ತಳ ಮಸಿಯಂತೆ ಕಪ್ಪಾಗಿತ್ತು. ಅದನ್ನು ಎತ್ತಿಕೊಂಡು ಮತ್ತೆ ಪರೇಲಿಗೆ ಹೋದೆ.

"ಹುಣಿಸೆ ಚರಟ ಹಾಕಲು ಹೇಳಿದ್ದೆನಲ್ಲ, ಹಾಕಿದೆಯಾ?"

"ಇಲ್ರಿ. ಮರತೆ."

"ಅದನ್ನೇ ಮರೆಯುವವಳು ನೀರನ್ನು ಮರೆಯುವುದಿಲ್ಲವೆಂದು ನಾನು ಹೇಗೆ ನಂಬಲಿ? ನಿನಗೆ ಕೆಲಸ ಬೇಕೋ ಬೇಡವೋ?"

ಅವಳ ಕಣ್ಣು ತುಂಬಿತು. ಬಾಗಿಲ ಬಳಿ ಕುಳಿತಿದ್ದ ಅತ್ತೆ ಎಲೆ ಅಡಿಕೆ ಅಗಿಯುತ್ತ, "ನಮ್ಮೂರಾಗ ಗಡಗಿಯಾಗ ಅನ್ನ ಮಾಡತಿದ್ವಿ, ಒಂದ ದಿನಾ ಗಡಗಿ ಹಾರಿಲ್ಲ ನೋಡ್ ತಂಗಿ" ಎಂದರು. ನನಗೆ ಮೈ ಉರಿಯಿತು. ಎರಡನೇ ಪ್ಲಗ್ ಹಾಕಿ, ಕಪ್ಪನ್ನು ಅವಳ ಕೈಗೆ ಕೊಟ್ಟು, ಇದಕ್ಕಿಂತ ಒಂದು ಹನಿ ಕಡಿಮೆಯೂ ಬೇಡ, ಒಂದು ಹನಿ ಹೆಚ್ಚೂ ಬೇಡ ಎಂದು ಹೇಳಿ ಇಳಿದುಬಂದೆ.

ಆ ಪ್ಲಗ್ಗೂ ಹೋಯಿತು. ಆಫೀಸಿನಲ್ಲಿ ನಮ್ಮ ಮಾರಾಟದ ಅಧಿಕಾರಿ ಕಾಗದದಿಂದ ತಲೆ ಎತ್ತದೆ ಹೇಳಿದರು: "ಅಬ್ ಬಸ್ ಬಾಯಿ. ಬುಕ್ ಮೇ ಸಬ್ ಲಿಖಾ ಹೈ. ಪಾನಿ ನಹೀಂ ಡಾಲೇಂಗೆ ತೋ ಕಂಪನಿ ಕ್ಯಾ ಕರೇಗಿ?" ಪುಸ್ತಿಕೆಯಲ್ಲಿ ಎಲ್ಲ ಬರೆದಿದ್ದರೂ ನೀರು ಹಾಕದವರಿಗೆ ಮೂರನೆಯ ಸಲ ಬಿಡಿ ಭಾಗ ಕೊಡುವಂತಿಲ್ಲ, ಗಿರಾಕಿಯ ತಪ್ಪು ಎಂದು ಮುಗಿಸಿಬಿಡಿ ಎಂದರು.

ಮುಗಿಸಿಬಿಡಬಹುದಿತ್ತು. ಆದರೆ ಮಧ್ಯಾಹ್ನ ನನ್ನೆದುರು ಹೂವಿನಂಥ ಅನ್ನ ಮಾಡಿದ ಕೈ ಬೆಳಿಗ್ಗೆ ಹೇಗೆ ತಪ್ಪುತ್ತದೆ ಎಂಬುದು ನನ್ನ ತಲೆಯಿಂದ ಹೋಗಲಿಲ್ಲ. ತಿಂಗಳು ಮುಗಿಯುತ್ತ ಬಂದಿತ್ತು. ನನ್ನ ಡೆಮೋ ಚೀಲದಲ್ಲಿ ನನ್ನ ಕುಕ್ಕರಿಗೆಂದು ಕೊಟ್ಟಿದ್ದ ಒಂದು ಪ್ಲಗ್ ಇತ್ತು. ಅದನ್ನು ತೆಗೆದುಕೊಂಡು, ಯಾರಿಗೂ ಹೇಳದೆ, ಮರುದಿನ ಆಂಟಾಪ್ ಹಿಲ್‌ನಿಂದ ಮೊದಲ ಬಸ್ಸು ಹಿಡಿದೆ. ಅವರು ನಿಜವಾಗಿ ಅಡುಗೆ ಮಾಡುವ ಹೊತ್ತಿನಲ್ಲೇ ನೋಡಬೇಕಿತ್ತು.

ಚಾಳಿನಲ್ಲಿ ಆಗಲೇ ಕೊಡಗಳ ಗಲಾಟೆ. ಸೊಸೆ ನಲ್ಲಿಯ ಸಾಲಿನಲ್ಲಿ ಪಾಳಿ ಹಿಡಿದು ಬಂದು ಸ್ಟೋವ್ ಹೊತ್ತಿಸಿದಳು. ನಾನು ಕೊಟ್ಟ ಪ್ಲಗ್ ಹಾಕಿದೆವು. ಅವಳು ಕಪ್ಪು ತುಂಬ ಅಳೆದು ಕುಕ್ಕರಿಗೆ ನೀರು ಹಾಕಿದ್ದನ್ನು ನಾನು ಕಣ್ಣಾರೆ ನೋಡಿದೆ. ಜಾಲರಿ ನೀರಿನಲ್ಲಿ ಮುಳುಗಿತ್ತು. ನೀರು ಕುದಿಯಲು ಬಂತು. ಅಷ್ಟರಲ್ಲಿ ಉಳಿದ ಕೊಡ ತರಲು ಅವಳು ಹೊರಗೆ ಓಡಿದಳು.

ಆಗ ಅತ್ತೆ ಎದ್ದು ಬಂದರು. ಒಲೆಯ ಮುಂದೆ ಕೂರದಿದ್ದರೂ ಹಿಟ್ಟಿಗೆ ನೀರು ಹಾಕುವುದನ್ನು ಅವರು ಸೊಸೆಗೆ ಬಿಟ್ಟಿರಲಿಲ್ಲ. ಪರಾತವೆಂಬ ಅಗಲ ತಟ್ಟೆಯಲ್ಲಿ ಜೋಳದ ಹಿಟ್ಟು ಸಿದ್ಧವಾಗಿತ್ತು. ಒಂದು ಸವಟು ಹಿಡಿದು ಕುಕ್ಕರಿನ ಕುದಿಯುವ ನೀರನ್ನು ಎತ್ತಿ ಹಿಟ್ಟಿನ ನಡುವೆ ಸುರಿದರು. ಮತ್ತೊಂದು ಸವಟು, ಇನ್ನೊಂದು. ಸವಟಿನ ಹಿಡಿಯಿಂದ ಹಿಟ್ಟನ್ನು ಮಗುಚಿ ನೋಡಿ ಮತ್ತೂ ಒಂದು ಹಾಕಿದರು. ಪರಾತ ಮುಚ್ಚಿಟ್ಟು ತಮ್ಮ ಜಾಗಕ್ಕೆ ಹೋಗಿ ಕುಳಿತರು. ಎಲ್ಲವೂ ನನ್ನ ಎದುರಿಗೇ, ಯಾವ ಮುಚ್ಚುಮರೆಯೂ ಇಲ್ಲದೆ ನಡೆಯಿತು. ಕುಕ್ಕರಿನಲ್ಲಿ ಜಾಲರಿ ಒಣಗಿ ನಿಂತಿತ್ತು.

ನಾನು ಸಮುದ್ರದ ಕಡೆಯವಳು. ಅನ್ನ, ಗಂಜಿ ತಿಂದು ಬೆಳೆದವಳು. ಜೋಳದ ಹಿಟ್ಟಿಗೆ ಕುದಿಯುವ ನೀರು ಬೇಕೆಂಬುದೇ ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನ ಆ ಮನೆಯಲ್ಲಿ ರೊಟ್ಟಿ ಬಡಿಯುತ್ತಿರಲಿಲ್ಲ, ಅದಕ್ಕೇ ಮಧ್ಯಾಹ್ನ ಎಲ್ಲ ಸರಿ ಇರುತ್ತಿತ್ತು. ಹುಣಿಸೆ ಹಾಕಿದರೆ ಹಿಟ್ಟು ಹುಳಿಯಾಗುತ್ತದೆ, ಅದಕ್ಕೇ ಅವಳು ಹುಣಿಸೆ ಮರೆಯುತ್ತಿದ್ದಳು. ಇಷ್ಟು ದಿನ ಸಾಬೂನು ನೀರು ಸವರಿ ಗುಳ್ಳೆ ಹುಡುಕಿದ ನನ್ನ ಮೇಲೆ ನನಗೇ ರೇಗಿತು.

ಕೊಡ ಹೊತ್ತು ಬಂದ ಸೊಸೆಯನ್ನು ಗ್ಯಾಲರಿಗೆ ಕರೆದೆ. "ನಿನಗೆ ಗೊತ್ತಿತ್ತಾ ಇದು?"

"ಗೊತ್ತಿತ್ರಿ."

"ಗೊತ್ತಿದ್ದೂ ನನ್ನ ಹತ್ತಿರ ಬೈಸಿಕೊಂಡೆಯಲ್ಲ, ಹೇಳಲಿಕ್ಕೆ ಏನಾಗಿತ್ತು?"

"ಅತ್ತೀದು ಹೆಂಗ ಹೇಳ್ಲಿ ಅಕ್ಕಾರ? ಹೊರಗಿನವರ ಮುಂದ?"

"ಸರಿ, ನೀರಾದರೂ ಸ್ವಲ್ಪ ಹೆಚ್ಚು ಹಾಕಬಹುದಿತ್ತಲ್ಲ."

"ನೀವ ಹೇಳಿದ್ರಲ್ಲ, ಒಂದ್ ಹನಿ ಹೆಚ್ಚ ಹಾಕಬ್ಯಾಡ ಅಂತ."

ನನ್ನ ಮೇಲಿನ ಸಿಟ್ಟನ್ನು ಒಳಗೆ ಹೋಗಿ ಅತ್ತೆಯ ಮೇಲೆ ತೀರಿಸಿಕೊಂಡೆ. ಅಜ್ಜಿ, ಕುಕ್ಕರಿನ ನೀರನ್ನು ಮುಟ್ಟಬಾರದು, ಅದಕ್ಕೊಂದು ಅಳತೆಯಿದೆ, ನಿಮ್ಮಿಂದಲೇ ಮೂರು ಸಲ ಹಾಳಾಯಿತು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವರು ಅಗಿಯುವುದನ್ನು ನಿಲ್ಲಿಸಿದರು.

"ನನ್ನ ಮನ್ಯಾಗ ನೀರಿನ ಲೆಕ್ಕಾ ಕೇಳಾಕ ಬಂದೀ ಏನ? ಅಷ್ಟ ಕುದಿಯೋ ನೀರು ಬಾಂಡೆದ ಬುಡಕ ಸುಮ್ನ ಆವಿ ಆಗಿ ಹೋಗಬೇಕು, ನಾ ಹಿಟ್ಟಿಗೆ ಬ್ಯಾರೆ ನೀರು ಕಾಸಬೇಕು. ಚಿಮಣಿ ಎಣ್ಣಿ ನಿಮ್ಮ ಕಂಪನಿ ಕೊಡತೈತೇನ? ಎತಗೊಂಡ ಹೋಗ ನಿನ್ನ ಕುಕ್ಕರ್. ಇಕಿ ನೌಕರಿನೂ ಬ್ಯಾಡ, ಏನೂ ಬ್ಯಾಡ."

ಮಗ ಚಾಪೆಯ ಮೇಲೆ ಎದ್ದು ಕುಳಿತು ಇಬ್ಬರನ್ನೂ ನೋಡಿ ಮತ್ತೆ ಮಲಗಿದ. ಸೊಸೆ ಸ್ಟೋವ್ ಆರಿಸಿದಳು. ನಾನು ಚೀಲ ಎತ್ತಿಕೊಂಡು ಇಳಿದೆ. ಕೆಡಿಸಿದ್ದು ನಾನೇ ಎಂದು ಮೆಟ್ಟಿಲಿನಲ್ಲೇ ಗೊತ್ತಾಗಿತ್ತು. ಆದರೂ ಬಸ್ಸಿನಲ್ಲಿ ಕುಳಿತು ಆ ಮುದುಕಿಯನ್ನು ಬೈದುಕೊಳ್ಳುತ್ತಲೇ ಇದ್ದೆ. ಬೈದು ಬೈದು ಸಾಕಾದ ಮೇಲೆ ಅವರು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಯೋಚಿಸಿದೆ. ಸೀಮೆಎಣ್ಣೆಯೂ ಇಲ್ಲದ, ನೀರೂ ಇಲ್ಲದ ಮನೆಯಲ್ಲಿ ಕುದಿಯುವ ನೀರನ್ನು ಕಂಡು ಅವರು ಮಾಡಿದ್ದು ಬುದ್ಧಿವಂತಿಕೆಯ ಕೆಲಸವೇ. ನಮ್ಮ ಕಪ್ಪಿನಲ್ಲಿ ರೊಟ್ಟಿಯ ನೀರಿಗೆ ಜಾಗವಿರಲಿಲ್ಲ, ಅಷ್ಟೇ.

ಅಧಿಕಾರಿಗೆ ಹೇಳಿದೆ. ರೊಟ್ಟಿ ತಿನ್ನುವವರ ಮನೆಗೆ ಬೇರೆ ರೀತಿ ಹೇಳಿಕೊಡೋಣ, ನೀರು ಹೆಚ್ಚು ಹಾಕಿ, ಕುದಿಸಿ, ಹಿಟ್ಟಿನ ಪಾಲು ಮೊದಲೇ ತೆಗೆಯಲಿ ಎಂದೆ. ಅವರು ನಕ್ಕರು. "ಕುಕ್ಕರ್ ಹೈ ಬಾಯಿ, ಗೀಸರ್ ನಹೀಂ." ಪುಸ್ತಿಕೆಯಲ್ಲಿ ಇಲ್ಲದ್ದನ್ನು ಹೇಳಿಕೊಟ್ಟು ನಾಳೆ ಏನಾದರೂ ಆದರೆ ಜವಾಬ್ದಾರಿ ಯಾರದು ಎಂದು ಕೇಳಿದರು. ನನ್ನದು ಎಂದು ಬಾಯಿಗೆ ಬಂದದ್ದನ್ನು ಹೇಳಿ ಹೊರಬಿದ್ದೆ.

ಮರುದಿನ ಮತ್ತೆ ಮೊದಲ ಬಸ್ಸು. ತಿಂಗಳ ಕೊನೆಗೆ ಎರಡೇ ದಿನ ಉಳಿದಿತ್ತು. ಬಾಗಿಲಲ್ಲಿ ನನ್ನನ್ನು ಕಂಡು ಅತ್ತೆ ಮುಖ ತಿರುಗಿಸಿದರು. ನಾನು ಚಪ್ಪಲಿ ಬಿಟ್ಟು ನೇರವಾಗಿ ಅವರ ಪಕ್ಕದಲ್ಲಿ ಕುಳಿತೆ.

"ಅಜ್ಜಿ, ಹಿಟ್ಟಿಗೆ ನೀರು ಎಷ್ಟು ಹಾಕಬೇಕು?"

"ಎಷ್ಟ ಅಂದ್ರ?"

"ಎಷ್ಟು ಸವಟು? ಒಂದು ಲೆಕ್ಕ ಹೇಳಿ."

"ಅದಕ್ಕೆಂಥಾ ಲೆಕ್ಕಾ? ಹಿಟ್ಟ ಕುಡದಷ್ಟ."

"ಅಂದರೆ?"

ಅವರು ನನ್ನ ದಡ್ಡತನಕ್ಕೆ ಉಸಿರುಬಿಟ್ಟರು. ಊರಿನ ಹೊಸ ಜೋಳಕ್ಕೆ ಜಿಗಿ ಇರುತ್ತದೆ, ತಣ್ಣೀರಿನಲ್ಲಿ ನಾದಿದರೂ ರೊಟ್ಟಿ ಒಡೆಯುವುದಿಲ್ಲ. ಈ ರೇಷನ್ ಜೋಳ ಯಾವ ಗೋದಾಮಿನಲ್ಲಿ ಎಷ್ಟು ವರ್ಷ ಬಿದ್ದಿತ್ತೋ, ಜಿಗಿಯೇ ಇಲ್ಲ, ಕುದಿಯುವ ನೀರು ಹೊಯ್ಯದೆ ಕೂಡುವುದಿಲ್ಲ. ಹೋದ ವಾರದ ಹಿಟ್ಟು ಮೂರು ಸವಟು ಕುಡಿಯಿತು, ಈ ವಾರದ್ದು ನಾಲ್ಕು ಕೇಳುತ್ತದೆ. "ಕೈಗೆ ಗೊತ್ತಾಗತೈತಿ. ಲೆಕ್ಕಾ ಹೆಂಗ ಹೇಳ್ಲಿ ನಿನಗ?" ಎಂದು ಅವರೇ ರೇಗಿದರು.

ಸಾಂತಾಕ್ರೂಜಿನಿಂದ ಆಂಟಾಪ್ ಹಿಲ್‌ವರೆಗೆ ನಾನು ಹೇಳುತ್ತ ಬಂದ ಉತ್ತರವನ್ನು, ನನ್ನಷ್ಟೇ ಸಿಟ್ಟಿನಿಂದ, ಆ ಮುದುಕಿ ನನಗೆ ಹೇಳುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಅವರಿಗೆ ಯಾಕೆಂದು ತಿಳಿಯಲಿಲ್ಲ. ಆದರೂ ಮುಖ ಸ್ವಲ್ಪ ಸಡಿಲವಾಯಿತು.

ಅಲ್ಲೇ ನಾನು ಕಂಪನಿಯ ಕಪ್ಪನ್ನು ಬಿಟ್ಟುಬಿಡಲು ತೀರ್ಮಾನಿಸಿದೆ. ಹಿಟ್ಟು ಒಂದೊಂದು ವಾರ ಒಂದೊಂದು ರೀತಿ ಕುಡಿಯುವುದಾದರೆ, ಎಷ್ಟು ಹಾಕಬೇಕೆಂದು ಅಳೆದು ಪ್ರಯೋಜನವಿಲ್ಲ, ಎಷ್ಟು ಉಳಿಯಬೇಕೆಂದು ನೋಡಬೇಕು. ಸೊಸೆಯನ್ನು ಕರೆದು ಕುಕ್ಕರಿಗೆ ಧಾರಾಳವಾಗಿ ನೀರು ಹಾಕಿಸಿದೆ, ಕಪ್ಪಿಲ್ಲದೆ. ಕುದಿ ಬಂದ ಮೇಲೆ ಸವಟನ್ನು ಅತ್ತೆಯ ಕೈಗೆ ಕೊಟ್ಟೆ.

"ನಿಮ್ಮ ಹಿಟ್ಟಿಗೆ ಬೇಕಾದಷ್ಟು ತೆಗೆಯಿರಿ ಅಜ್ಜಿ. ಒಂದೇ ಮಾತು. ಈ ಜಾಲರಿ ನೀರಿನಲ್ಲಿ ಮುಳುಗಿರಬೇಕು. ಜಾಲರಿ ಕಂಡಿತೋ, ಮತ್ತೆ ನೀರು ಹಾಕಿ. ತೆಗೆದಾದ ಮೇಲೆ ಹುಣಿಸೆ ಹಾಕಿ."

ಅವರು ಬಗ್ಗಿ ನೋಡಿದರು. ಹಿಟ್ಟಿಗೆ ತೆಗೆದರು, ಮತ್ತೆ ಬಗ್ಗಿ ನೋಡಿದರು. "ಹೊಳಿಯಾಗಿನ ಕಲ್ಲ ನೋಡಿ ನೀರ ಅಳದಂಗ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಅನ್ನ ಆಯಿತು, ಬೇಳೆ ಬೆಂದಿತು, ಪ್ಲಗ್ ಕರಗಲಿಲ್ಲ. ಮರುದಿನವೂ ಕರಗಲಿಲ್ಲವೆಂದು ಅವಳ ಗಂಡ ಬಂದು ಹೇಳಿ ಹೋದ. ಆದರೆ ನೌಕರಿಯ ಮಾತನ್ನು ಅತ್ತೆ ಎತ್ತಿರಲಿಲ್ಲ. ಬ್ಯಾಡ ಎಂದದ್ದು ಬ್ಯಾಡವೆಂದೇ ಉಳಿದಿತ್ತು. ಎಲ್ಲ ಸಮಯಕ್ಕೆ ಮುಗಿದರೆ ನೋಡೋಣ ಎಂದಿದ್ದಾರೆ ಎಂದು ಅವನು ಹೇಳಿದ. ಮೊದಲ ತಾರೀಕು ನಾನು ಹೋಗಬೇಕಾದ ಅಗತ್ಯವಿರಲಿಲ್ಲ. ಮನೆಯಲ್ಲಿ ಕೂರಲಾಗದೆ ಹೋದೆ.

ಅವತ್ತೇ ನಲ್ಲಿಗೆ ನೀರು ತಡವಾಗಿ ಬರಬೇಕೆ! ಮಾಳಿಗೆಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ನಿಂತಿದ್ದರು. ಪೀಪಾಯಿಯ ತಳದಲ್ಲಿದ್ದ ನೀರಿನಲ್ಲಿ ಅಕ್ಕಿ, ಬೇಳೆ ತೊಳೆಯುವುದಷ್ಟೇ ಆಯಿತು. ಸೊಸೆ ಇಸ್ತ್ರಿ ಮಾಡಿದ ಬಿಳಿ ಸೀರೆಯನ್ನು ಆಗಲೇ ಉಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೂ ಸ್ಟೋವಿಗೂ ನಡುವೆ ಓಡಾಡುತ್ತಿದ್ದಳು. ನಲ್ಲಿ ಕೊನೆಗೂ ಗೊರಗೊರ ಎಂದಾಗ ಮುನಿಸಿಪಾಲಿಟಿಯನ್ನು ನಾನು ತುಳುವಿನಲ್ಲಿ ಬೈದೆ.

ನೀರು ಕುದಿಯಿತು. ಅತ್ತೆ ಹಿಟ್ಟಿಗೆ ತೆಗೆದರು, ಬಗ್ಗಿ ನೋಡಿದರು, ಅರ್ಧ ತಂಬಿಗೆ ಮತ್ತೆ ಹಾಕಿಸಿದರು. ಹುಣಿಸೆ ಬಿತ್ತು. ಮುಚ್ಚಳ ಕೂತಿತು, ತೂಕ ಇಟ್ಟಾಯಿತು. ನೀರಿನ ಲೆಕ್ಕ ಅವತ್ತಿನಷ್ಟು ಸರಿಯಾಗಿ ಯಾವತ್ತೂ ಇರಲಿಲ್ಲ. ಗಡಿಯಾರ ಮಾತ್ರ ಆರೂವರೆ ದಾಟಿತ್ತು. ಕುಕ್ಕರ್ ಇಳಿಯದೆ ಸ್ಟೋವ್ ಖಾಲಿಯಾಗದು, ಸ್ಟೋವ್ ಖಾಲಿಯಾಗದೆ ಹಂಚು ಏರದು. ರೊಟ್ಟಿ ಒಂದೂ ಆಗಿರಲಿಲ್ಲ. ಇಷ್ಟೆಲ್ಲ ಮಾಡಿ ಒಂದು ನಲ್ಲಿಯ ಕೈಯಲ್ಲಿ ಸೋತೆವಲ್ಲ ಎಂದುಕೊಂಡೆ.

ಸೊಸೆ ಗಡಿಯಾರ ನೋಡಿದಳು. ಸೆರಗನ್ನು ಸೊಂಟದಿಂದ ಬಿಚ್ಚಿ, ಪರಾತವನ್ನು ಎಳೆದುಕೊಂಡು, ಆ ಬಿಳಿ ಸೀರೆಯಲ್ಲೇ ನೆಲದ ಮೇಲೆ ಕುಳಿತಳು. ಷರತ್ತು ಮುಗಿಸದೆ ಹೊರಡುವಂತಿರಲಿಲ್ಲ.

ಅತ್ತೆ ಅವಳ ಬೆನ್ನನ್ನು ನೋಡಿದರು. ಬಾಯಲ್ಲಿದ್ದ ಎಲೆಯನ್ನು ಗ್ಯಾಲರಿಯ ಮೂಲೆಯಲ್ಲಿ ಉಗುಳಿ ಬಂದು, ಕೈ ತೊಳೆದು, ಪರಾತಕ್ಕೆ ಕೈ ಹಾಕಿದರು.

"ಏಳ್."

"ಅತ್ತಿ, ರೊಟ್ಟಿ..."

"ನಾ ಏನ್ ಸತ್ತೀನೇನ? ಮುಂಜಾನೆದ್ದು ಹಿಟ್ಟಿಗೆ ನೀರ ಹಾಕಿದಾಕಿ ನಾನು, ಬಡಿಯೋದ ಗೊತ್ತಿಲ್ಲೇನ ನನಗ? ಸೀರಿಗೆ ಹಿಟ್ಟ ಹತ್ತತೈತಿ, ಏಳ್. ಹೊತ್ತಾತು, ನಡಿ."

ಅವಳು ಎದ್ದಳು. ಅತ್ತೆಯ ಕಾಲು ಮುಟ್ಟಲು ಬಗ್ಗಿದರೆ ಅವರು ಹಿಟ್ಟಿನ ಕೈಯಿಂದ ಬಾಗಿಲು ತೋರಿಸಿದರು. ಗ್ಯಾಲರಿಯಲ್ಲಿ ಕೊಡಗಳ ಸಾಲನ್ನು ದಾಟಿಕೊಂಡು ಅವಳು ಓಡುವ ಸದ್ದು ಮೆಟ್ಟಿಲ ಕೆಳಗಿನವರೆಗೂ ಕೇಳಿಸಿತು. ಕಣ್ಣು ಒರೆಸಿಕೊಳ್ಳುತ್ತ ನಿಂತಿದ್ದ ನನ್ನ ಕಡೆಗೆ ಅತ್ತೆ ತಿರುಗಿದರು.

"ನೀ ಏನ್ ನಿಂತ್ ನೋಡ್ತಿ ತಂಗಿ? ಹಂಚ ತಗಿ, ಮ್ಯಾಲಿನ ಮಾಡದಾಗ ಐತಿ. ನನಗ ಎಟಕಂಗಿಲ್ಲ."

ನಾನು ಹಂಚು ತೆಗೆದುಕೊಟ್ಟೆ.